ಆಧಾರವನ್ನು ಹೇಳುವ ಧರ್ಮ

ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದ ಪ್ರಬಂಧಗಳು ಭಾಷೆಯ ತಿದ್ದುಪಡಿಗೆಂದು ಆಗಾಗ ನನ್ನ ಬಳಿಗೆ ಬರುತ್ತವೆ. ಅವುಗಳಲ್ಲಿನ ಕಾಗುಣಿತದ ದೋಷವನ್ನು ತಿದ್ದಬಹುದು. ತಿದ್ದಲಾಗದೆ ಉಳಿಯುವುದು ‘ವಿದ್ವಾಂಸರು ಹೇಳುವಂತೆ’ ಎಂಬ ಮಾತು. ಯಾವ ವಿದ್ವಾಂಸರು? ಯಾವ ಗ್ರಂಥದಲ್ಲಿ? ಎಷ್ಟನೆಯ ಪುಟದಲ್ಲಿ?

ಬರಿಯ ಹೆಸರನ್ನು ಹೇಳಿದರೂ ಸಾಲದು. ಎಂ. ಎನ್. ಶ್ರೀನಿವಾಸರ ‘ಸಂಸ್ಕೃತೀಕರಣ’ವನ್ನೇ ನೋಡಿ. ಕೊಡವರನ್ನು ಕುರಿತ 1952ರ ಗ್ರಂಥದಲ್ಲಿ ಅವರು ಕೆಳಗಿನ ಜಾತಿಗಳು ಬ್ರಾಹ್ಮಣರ ಆಚಾರಗಳನ್ನು ಅನುಸರಿಸುವುದನ್ನು ಮುಖ್ಯವಾಗಿ ಹೇಳಿದ್ದರು. 1966ರ ‘ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ದಲ್ಲಿ ತಾವೇ ಆ ಮಾತನ್ನು ವಿಸ್ತರಿಸಿ, ಕ್ಷತ್ರಿಯ, ವೈಶ್ಯ ಮಾದರಿಗಳನ್ನೂ ಸೇರಿಸಿದರು. ಇಸವಿಯನ್ನು ಹೇಳದೆ ‘ಶ್ರೀನಿವಾಸರ ಮತ’ ಎಂದರೆ ಓದುಗನು ಯಾವುದನ್ನು ಹಿಡಿಯಬೇಕು? ಮೂಲವನ್ನು ಕಾಣದೆ ಗೈಡಿನಿಂದ ತೆಗೆದವನು ಗೈಡಿನ ಹೆಸರನ್ನೇ ಬರೆಯಲಿ, ಅದರಲ್ಲಿ ಅವಮಾನವಿಲ್ಲ. ಕಾಣದ ಗ್ರಂಥವನ್ನು ಕಂಡಂತೆ ಬರೆಯುವುದು ಸುಳ್ಳುಸಾಕ್ಷಿ.

ಈ ಶಾಸ್ತ್ರದಲ್ಲಿ ಪುಸ್ತಕದಂತೆ ಮನುಷ್ಯನೂ ಆಧಾರವೇ. ಮಾತನಾಡಿದವನ ಹೆಸರನ್ನು ಅವನ ಹಿತಕ್ಕಾಗಿ ಮರೆಮಾಡಬೇಕಾದೀತು. ಆದರೆ ಎಂದು, ಎಷ್ಟು ಜನರೊಡನೆ, ಎಂಥ ಊರಿನಲ್ಲಿ ಮಾತನಾಡಿದೆವೆಂಬುದನ್ನು ಮರೆಮಾಡಲಾಗದು. ಮೈಸೂರಿನ ಸಮೀಪದ ಒಂದು ಹಳ್ಳಿಗೆ ಶ್ರೀನಿವಾಸರು ‘ರಾಂಪುರ’ ಎಂಬ ಕಲ್ಪಿತ ನಾಮವನ್ನಿಟ್ಟರು. 1948ರಲ್ಲಿ ತಾವು ಅಲ್ಲಿ ಇದ್ದು ಕಂಡ ಬಗೆಯನ್ನು ಮಾತ್ರ ಬಿಚ್ಚಿ ಹೇಳಿದರು. 1970ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಮುಖ್ಯವಾಗಿ ನೆನಪಿನ ಬಲದಿಂದ ಬರೆದ 1976ರ ಗ್ರಂಥಕ್ಕೆ ‘ದಿ ರಿಮೆಂಬರ್ಡ್ ವಿಲೇಜ್’ ಎಂದೇ ಹೆಸರಾಯಿತು. ನೆನಪೇ ತಮ್ಮ ಆಧಾರವೆಂಬುದನ್ನು ಅವರು ಹೊದಿಕೆಯ ಮೇಲೆಯೇ ಸಾರಿದರು.

ಇದು ಕೇವಲ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ‘ಈ ಜಾತಿಯವರು ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ’ ಎಂದು ಆಧಾರವಿಲ್ಲದೆ ಬರೆದರೆ ಅದು ಶಾಸ್ತ್ರವಾಗದು, ಅಪವಾದವಾದೀತು. ಆ ಜಾತಿಯ ಹುಡುಗಿ ಅದೇ ತರಗತಿಯಲ್ಲಿ ಕುಳಿತಿರಬಹುದು. ಆ ಮಾತನ್ನು ಪರೀಕ್ಷಿಸುವ, ಅಲ್ಲಗಳೆಯುವ ದಾರಿ ಅವಳಿಗೆ ತೆರೆದಿರಬೇಡವೆ?

ನಮ್ಮ ಭಾಷೆಗೆ ಈ ಧರ್ಮ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲೋದಯ, ನಾಗಾರ್ಜುನ, ಜಯಬಂಧು ಮುಂತಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕೃತಿಗಳು ನಮಗೆ ದೊರೆತಿಲ್ಲ. ಹೆಸರುಗಳು ಉಳಿದಿರುವುದು ಆ ಉಲ್ಲೇಖದಿಂದ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಪ್ರಬಂಧದ ಪುಟಗಳನ್ನೆಣಿಸಿ ಅಂಕ ಕೊಡುವ ಮೊದಲು, ಅದರ ಒಂದು ಅಡಿಟಿಪ್ಪಣಿಯನ್ನಾದರೂ ಗ್ರಂಥಾಲಯಕ್ಕೆ ಹೋಗಿ ತಾಳೆ ನೋಡಿ. ವಿದ್ಯಾರ್ಥಿಯನ್ನೂ ಜೊತೆಗೆ ಕರೆದೊಯ್ಯಿರಿ.