ಎರಡು ನಿಮಿಷದ ಏರು

'ವ್ಯಾಯಾಮ ಮಾಡಬೇಕೆಂದು ಮನಸ್ಸೇನೋ ಇದೆ, ಪುರುಸೊತ್ತು ಎಲ್ಲಿದೆ ಮಾಸ್ಟ್ರೇ?' ಪುತ್ತೂರು, ಸುಳ್ಯ, ಕಡಬದ ಕಡೆ ಪದೇ ಪದೇ ಕೇಳುವ ಮಾತಿದು. ಬೆಳಿಗ್ಗೆ ತೋಟ, ಹಟ್ಟಿ. ಆಮೇಲೆ ಪೇಟೆಯ ಕೆಲಸ. ಮನೆ ಸೇರುವಾಗ ಕತ್ತಲೆ. ದಿನವೂ ಮುಕ್ಕಾಲು ಗಂಟೆ ನಡೆಯಿರಿ ಎಂಬ ಡಾಕ್ಟರ ಸಲಹೆ ಸಲಹೆಯಾಗಿಯೇ ಉಳಿಯುತ್ತದೆ. ಇಂಥವರಿಗೆ ವಿಜ್ಞಾನ ಹೇಳುವ ಸಮಾಧಾನದ ಮಾತೊಂದಿದೆ: ಹೊತ್ತು ಕಡಿಮೆಯಿದ್ದರೆ ಬಿರುಸು ಹೆಚ್ಚಿಸಿ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಮತ್ತು ಸಂಗಡಿಗರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವ್ಯಾಯಾಮದ ರೂಢಿಯಿಲ್ಲದ ಗಂಡಸರಲ್ಲಿ ಒಂದು ಗುಂಪು 45 ನಿಮಿಷ ಹದವಾಗಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡಿನಂತೆ ಮೂರೇ ಸಲ ಶಕ್ತಿಮೀರಿ ತುಳಿಯಿತು. ನಡುವಿನ ನಿಧಾನದ ತುಳಿತ ಸೇರಿ ಒಟ್ಟು 10 ನಿಮಿಷ. ವಾರಕ್ಕೆ ಮೂರು ದಿನದಂತೆ 12 ವಾರ ಕಳೆದಾಗ ಎರಡೂ ಗುಂಪುಗಳಲ್ಲಿ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಶೇಕಡಾ 19ರಷ್ಟು ಏರಿತ್ತು.

ಇದು ಹೇಗೆ? ಸ್ನಾಯುವಿನಲ್ಲಿ ಸಿದ್ಧವಾಗಿರುವ ಶಕ್ತಿ ಬಿರುಸಿನ ಕೆಲಸಕ್ಕೆ ಕೆಲವೇ ಸೆಕೆಂಡು ಸಾಕಾಗುತ್ತದೆ. ಅನಂತರ ಅಲ್ಲಿ ಕೂಡಿಟ್ಟ ಗ್ಲೈಕೋಜನ್ ಬೇಗಬೇಗನೆ ಕರಗಬೇಕು, ಹೃದಯ ಹೆಚ್ಚು ರಕ್ತ ತಳ್ಳಬೇಕು. ಈ ಒತ್ತಡ ಮತ್ತೆ ಮತ್ತೆ ಬಿದ್ದಾಗ ಹೃದಯ ಬಲಗೊಳ್ಳುತ್ತದೆ, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ. ಬರಿದಾದ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಮನೆಗೊಬ್ಬರು ಮಧುಮೇಹಿಗಳು ಎನ್ನುವ ಈ ಕಾಲದಲ್ಲಿ ಇದು ಸಣ್ಣ ಲಾಭವಲ್ಲ.

ನಮ್ಮ ಹಿರಿಯರಿಗೆ ಇದು ಹೊಸತೇನಲ್ಲ. ಅಡಿಕೆ ಮರವನ್ನು ಸರಸರನೆ ಏರಿ, ಕೊನೆ ಕೊಯ್ದು, ಇಳಿದು, ಉಸಿರು ಬಿಟ್ಟು ಮತ್ತೊಂದು ಮರಕ್ಕೆ ಹೋಗುವುದೂ ಇದೇ ಕ್ರಮ. ಪುತ್ತೂರಿನ ಕೋಟಿ-ಚೆನ್ನಯ ಕಂಬಳದಲ್ಲಿ ಕೋಣಗಳ ಹಿಂದೆ ಓಡುವವರದೂ ಕೆಲವೇ ಸೆಕೆಂಡುಗಳ ಓಟ, ಆಮೇಲೆ ವಿಶ್ರಾಂತಿ, ಮತ್ತೆ ಓಟ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯಬಹುದು. ಮರದಿಂದ ಬಿದ್ದು ನಡು ಮುರಿದುಕೊಂಡವರನ್ನು ಕಂಡ ಯಾರೂ ಇದನ್ನು ಆಕ್ಷೇಪಿಸಲಾರರು. ಆದರೆ ಅಂಗಳದಿಂದ ಅಂಗಡಿಗೂ ಬೈಕೇ ಆದಾಗ ಏದುಸಿರು ಬಿಡುವ ಸಂದರ್ಭವೇ ಇಲ್ಲವಾಗಿದೆ.

2022ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ವ್ಯಾಯಾಮವನ್ನೇ ಮಾಡದ ಬ್ರಿಟನ್ನಿನ 25 ಸಾವಿರ ಜನರ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಆಮೇಲೆ ಸುಮಾರು ಏಳು ವರ್ಷ ಗಮನಿಸಿದರು. ದಿನದ ಕೆಲಸದ ನಡುವೆಯೇ ಒಂದೆರಡು ನಿಮಿಷದಂತೆ ಮೂರು ಸಲ ಬಿರುಸಾಗಿ ಮೈ ದಣಿಸಿದವರಲ್ಲಿ, ಹಾಗೆ ಮಾಡದವರಿಗಿಂತ ಸಾವಿನ ಪ್ರಮಾಣ ಶೇಕಡಾ 38ರಿಂದ 40ರಷ್ಟು ಕಡಿಮೆಯಿತ್ತು. ಬಿರುಸೊಂದೇ ಇದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸುಳಿವು.

ಮಾಡುವ ಕ್ರಮ ಸುಲಭ. ಮನೆಯಿಂದ ರಸ್ತೆಗೆ ಹೋಗುವ ಏರುದಾರಿಯೇ ಸಾಕು. ಪುತ್ತೂರು ಪೇಟೆಯವರಿಗೆ ಬೀರಮಲೆ ಗುಡ್ಡವಿದೆ. ಮೊದಲು ಮೂರು ನಿಮಿಷ ನಿಧಾನವಾಗಿ ನಡೆಯಿರಿ. ಮತ್ತೆ ಒಂದು ನಿಮಿಷ ಬಿರುಸಾಗಿ ಏರಿ, ಎರಡು ನಿಮಿಷ ಮೆಲ್ಲನೆ ನಡೆಯಿರಿ. ಹೀಗೆ ಮೂರು ಸಲ. ಬಿರುಸು ಎಷ್ಟಿರಬೇಕು? ಜೊತೆಗಿದ್ದವರೊಡನೆ ನಾಲ್ಕು ಪದಕ್ಕಿಂತ ಹೆಚ್ಚು ಒಟ್ಟಿಗೆ ಆಡಲಾಗಬಾರದು. ಪಟ್ಟಾಂಗ ಹೊಡೆಯಲು ಆಗುತ್ತಿದ್ದರೆ ವೇಗ ಸಾಲದು.

ಒಂದು ಎಚ್ಚರಿಕೆ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಡಾಕ್ಟರಲ್ಲಿ ಕೇಳಿಯೇ ಆರಂಭಿಸಬೇಕು. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮೊಣಕಾಲು ನೋವಿನವರು ಇಳಿಯುವಾಗ ಅವಸರ ಮಾಡಬಾರದು. ಮೊದಲ ವಾರ ಒಂದೇ ಏರು ಸಾಕು, ಮುಂದಿನ ವಾರ ಎರಡು.

ಗುಡ್ಡಗಳನ್ನು ಪ್ರಕೃತಿ ನಮಗೆ ಪುಕ್ಕಟೆ ಕೊಟ್ಟಿದೆ. ಬೈಕನ್ನು ಏರಿನ ಬುಡದಲ್ಲೇ ನಿಲ್ಲಿಸಿದರೆ ಸಾಕು.