ಅನ್ವಯಿಕ ಅರ್ಥಶಾಸ್ತ್ರ: ಪದವಿಯ ಹಿಂದಿರುವ ಆರಂಕಿಯ ಲೆಕ್ಕ

ಕಳೆದ ತಿಂಗಳು ಶಿರಸಿಯಿಂದ ಭಾವನವರು ಕರೆ ಮಾಡಿದರು. ಅಕ್ಕನ ಮಗಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಅನ್ವಯಿಕ ಅರ್ಥಶಾಸ್ತ್ರದ ನಾಲ್ಕು ವರ್ಷಗಳ ಪದವಿಗೆ ಪ್ರವೇಶ ದೊರೆತಿತ್ತು. ಅಡಿಕೆ ತೋಟವನ್ನು ಅಡವಿಟ್ಟು ಸಾಲ ಪಡೆಯುವ ಯೋಚನೆಯಲ್ಲಿದ್ದ ಅವರ ಪ್ರಶ್ನೆ ನೇರವಾಗಿತ್ತು: ‘ಅರ್ಥಶಾಸ್ತ್ರ ಅಂದರೆ ಬಿ.ಎ. ಅಲ್ಲವೇನೋ ಮಾರಾಯ? ಅದಕ್ಕೆ ಅಷ್ಟು ದೂರ ಕಳಿಸಬೇಕಾ?’

ಮಿನ್ನೆಸೋಟದಲ್ಲಿ ಬಹುಕಾಲದಿಂದ ನೆಲೆಸಿ, ಆಹಾರೋದ್ಯಮದ ಅಂಕಿಅಂಶಗಳ ನಡುವೆಯೇ ದುಡಿಯುತ್ತಿರುವ ನನಗೂ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ತೋಚಲಿಲ್ಲ.

ಅನ್ವಯಿಕ ಅರ್ಥಶಾಸ್ತ್ರದ ಬೇರು ಕೃಷಿಯಲ್ಲಿದೆ. ಇಲ್ಲಿನ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇಂದಿಗೂ ಸೇಂಟ್ ಪಾಲ್ ಆವರಣದ ಕೃಷಿ ಕಾಲೇಜಿನೊಳಗೇ ಇದೆ. ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞರ ಸಂಘವು ತನ್ನ ಹೆಸರಿಗೆ ‘ಅನ್ವಯಿಕ’ ಎಂಬ ಪದವನ್ನು ಸೇರಿಸಿಕೊಂಡದ್ದು 2008ರಲ್ಲಿ. ಧಾನ್ಯದ ಬೆಲೆ, ಹಾಲಿನ ಮಾರುಕಟ್ಟೆ, ಬೆಳೆ ವಿಮೆಗಳನ್ನು ಅಳೆಯಲು ರೂಪುಗೊಂಡ ವಿಧಾನಗಳೇ ಇಂದು ಆರೋಗ್ಯ, ಶಿಕ್ಷಣ, ಪರಿಸರಗಳನ್ನೂ ಅಳೆಯುತ್ತಿವೆ. ಆದ್ದರಿಂದ ವಿದ್ಯಾರ್ಥಿಯು ಸಿದ್ಧಾಂತದೊಂದಿಗೆ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ, ಅರ್ಥಮಾಪನಶಾಸ್ತ್ರ ಹಾಗೂ ಒಂದೆರಡು ಗಣಕ ತಂತ್ರಾಂಶಗಳನ್ನು ಕಲಿಯಬೇಕಾಗುತ್ತದೆ. ಭಾವನವರು ಕಲ್ಪಿಸಿಕೊಂಡಿರುವ ಬಿ.ಎ. ಇದಲ್ಲ.

ಒಂದು ಉದಾಹರಣೆ. 1992ರಲ್ಲಿ ನ್ಯೂಜೆರ್ಸಿ ರಾಜ್ಯವು ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ, ಕೂಲಿ ಏರಿದ ಕಡೆ ಉದ್ಯೋಗ ಕುಸಿದ ಕುರುಹಿಲ್ಲವೆಂದರು. ಆ ನಿರ್ಣಯದ ಬಗ್ಗೆ ವಾದವಿವಾದ ನಡೆಯಿತಾದರೂ ವಿಧಾನ ಉಳಿಯಿತು. 2021ರ ನೊಬೆಲ್ ಪುರಸ್ಕಾರದಲ್ಲಿ ಕಾರ್ಡ್ ಪಾಲು ಪಡೆದರು. ನಮ್ಮ ‘ಶಕ್ತಿ’ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಬಂದ ಉಚಿತ ಬಸ್ ಪ್ರಯಾಣದಿಂದ ಮಹಿಳೆಯರ ದುಡಿಮೆ ಹೆಚ್ಚಿತೇ? ಬೆಳಗಾವಿಯನ್ನು ಕೊಲ್ಹಾಪುರದೊಡನೆ ಹೋಲಿಸೋಣವೆಂದರೆ, ಮಹಾರಾಷ್ಟ್ರದಲ್ಲಿ ಅದೇ ವರ್ಷದ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್ ಇದೆ. ಇಂತಹ ತೊಡಕುಗಳನ್ನು ಗುರುತಿಸಿ ಬಿಡಿಸುವ ವಿವೇಕವೇ ಈ ಪದವಿಯ ಸಾರ.

ವಿದ್ಯೆಯ ಮಾತು ಇಷ್ಟು. ಇನ್ನು ವೀಸಾದ ಮಾತು.

ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಪದವಿಯ ನಂತರ ಒಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿ ಇದೆ. ವಿಜ್ಞಾನ, ತಂತ್ರಜ್ಞಾನ, ಗಣಿತಗಳ ‘ಸ್ಟೆಮ್’ ಪಟ್ಟಿಯಲ್ಲಿರುವ ಪದವಿಯಾದರೆ ಮತ್ತೆ 24 ತಿಂಗಳು. ಪಟ್ಟಿಯು ಪದವಿಯ ಹೆಸರನ್ನು ನೋಡುವುದಿಲ್ಲ, ಸಿಐಪಿ ಎಂಬ ಆರಂಕಿಯ ಸಂಕೇತವನ್ನು ನೋಡುತ್ತದೆ. ಅರ್ಥಮಾಪನ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ ಸಂಕೇತ 45.0603, ಅದು ಪಟ್ಟಿಯಲ್ಲಿದೆ. ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ಅರ್ಥಶಾಸ್ತ್ರವು 2024ರ ಜುಲೈನಲ್ಲಿ ಸೇರಿತು. ಆದರೆ ‘ಅನ್ವಯಿಕ ಅರ್ಥಶಾಸ್ತ್ರ’ ಎಂಬ ಹೆಸರಿನದೇ ಆದ 45.0602 ಪಟ್ಟಿಯಲ್ಲಿಲ್ಲ. ಯಾವ ಸಂಕೇತದಡಿ ನೋಂದಾಯಿಸಬೇಕೆಂಬುದು ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಹೀಗಾಗಿ ಬಹುತೇಕ ಅದೇ ಪಾಠಗಳನ್ನು ಓದಿದ ಇಬ್ಬರಲ್ಲಿ ಒಬ್ಬರಿಗೆ ಮೂರು ವರ್ಷ, ಮತ್ತೊಬ್ಬರಿಗೆ ಒಂದೇ ವರ್ಷ ದೊರೆಯಬಹುದು.

ಈ ವ್ಯತ್ಯಾಸದ ಬೆಲೆ ಎಚ್-1ಬಿ ಲಾಟರಿಯಲ್ಲಿ ತಿಳಿಯುತ್ತದೆ. ಮೂರು ವರ್ಷ ಇರುವವರಿಗೆ ಮೂರು ಸಲ ಅದೃಷ್ಟ ಪರೀಕ್ಷೆ, ಒಂದು ವರ್ಷದವರಿಗೆ ಸಾಮಾನ್ಯವಾಗಿ ಒಮ್ಮೆ ಮಾತ್ರ. ವಾರ್ಷಿಕ ಮಿತಿಯಲ್ಲಿ 65,000 ವೀಸಾಗಳು ಎಲ್ಲರಿಗೂ, ಇನ್ನು 20,000 ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ. ಬರಿಯ ಸ್ನಾತಕ ಪದವೀಧರರಿಗೆ ಆ ಎರಡನೆಯ ಬಾಗಿಲು ತೆರೆಯದು. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಘೋಷಣೆಯು ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸಿತು. ಇಲ್ಲೇ ಓದಿ, ದೇಶದೊಳಗಿದ್ದೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂದು ಅಕ್ಟೋಬರ್‌ನಲ್ಲಿ ಸ್ಪಷ್ಟನೆ ಬಂತು. ಒಂದೇ ತಿಂಗಳಲ್ಲಿ ಇಷ್ಟು ಏರುಪೇರಾದ ನಿಯಮಗಳನ್ನು ನಂಬಿ ನಾಲ್ಕು ವರ್ಷದ ಮುಂದಿನ ಸಾಲದ ಕಂತನ್ನು ಲೆಕ್ಕ ಹಾಕುವುದು ಹೇಗೆ? ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಒಟ್ಟು ವೆಚ್ಚ 90,000 ಡಾಲರ್ ದಾಟುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಡಿಮೆಯಾದರೂ ತೋಟದ ಆದಾಯಕ್ಕೆ ನಿಲುಕುವ ಮೊತ್ತವಲ್ಲ.

ನನ್ನ ಅಭಿಪ್ರಾಯ ಇದು: ಗಣನೀಯ ವಿದ್ಯಾರ್ಥಿವೇತನವಿಲ್ಲದಿದ್ದರೆ ಸ್ನಾತಕ ಪದವಿಯನ್ನು ಭಾರತದಲ್ಲೇ ಮುಗಿಸುವುದು ಲೇಸು. ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಬೇರೆಡೆಯೂ ಗಣಿತ, ಸಂಖ್ಯಾಶಾಸ್ತ್ರಗಳೊಂದಿಗೆ ಅರ್ಥಶಾಸ್ತ್ರ ಓದಬಹುದು. ಆ ತಳಹದಿಯ ಮೇಲೆ ಸ್ನಾತಕೋತ್ತರಕ್ಕೆ ಬಂದರೆ ಎರಡೇ ವರ್ಷದ ವೆಚ್ಚ, ಲಾಟರಿಯಲ್ಲಿ ಹೆಚ್ಚುವರಿ ಅವಕಾಶ. ಈಗಲೇ ಬರುವುದಾದರೆ ಮುಂಗಡ ಕಟ್ಟುವ ಮೊದಲು ವಿಶ್ವವಿದ್ಯಾಲಯವನ್ನು ಒಂದು ಪ್ರಶ್ನೆ ಕೇಳಿ: ಐ-20 ಪತ್ರದಲ್ಲಿ ಅಚ್ಚಾಗುವ ಸಂಕೇತ ಯಾವುದು? ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಅಕ್ಕನ ಮಗಳು ಕೇಳಿದಳು. ಬಂದ ಉತ್ತರ 45.0602. ಆಕೆ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ನನಗೇ ಕರೆ ಮಾಡಿ, ‘ಮಾವ, ಬೆಂಗಳೂರಿನ ಅರ್ಜಿಯನ್ನೂ ತುಂಬಿದ್ದೇನೆ. ಆದರೆ ಒಂದು ವಿಷಯ, ಅಡಿಕೆ ಧಾರಣೆ ಏರುವ ಮೊದಲೇ ಅಪ್ಪ ಪ್ರತಿವರ್ಷ ಯಾಕೆ ಮಾರಿಬಿಡುತ್ತಾರೆ?’ ಎಂದಳು. ಸಾಲದ ಕಂತು, ಕೊಯ್ಲಿನ ಕೂಲಿ, ದಾಸ್ತಾನಿಡುವ ಧೈರ್ಯ, ಹೀಗೆ ಅರ್ಧ ಗಂಟೆ ಮಾತಾಡಿದೆವು. ಅನ್ವಯಿಕ ಅರ್ಥಶಾಸ್ತ್ರದ ಮೊದಲ ಪಾಠ ಶಿರಸಿಯಲ್ಲೇ ಆರಂಭವಾಗಿತ್ತು, ಅದಕ್ಕೆ ತೋಟವನ್ನು ಅಡವಿಡಬೇಕಾಗಿರಲಿಲ್ಲ.