ಅಳತೆ ತಪ್ಪದ ಪುಟ್ಟ ಕಾರು, ನೆಲೆ ತಪ್ಪದ ಮನಸ್ಸು

ಸೇವೆಯಿಂದ ನಿವೃತ್ತರಾಗಿ ಚಿಕಿತ್ಸಾಲಯಕ್ಕೆ ಬರುವ ಹಿರಿಯರಿಗೆ ವೈದ್ಯರಾದ ನಾವು ಸಾಮಾನ್ಯವಾಗಿ ಮೂರು ಮಾತು ಹೇಳುತ್ತೇವೆ: ವಿಶ್ರಾಂತಿ ತೆಗೆದುಕೊಳ್ಳಿ, ಬೆಳಿಗ್ಗೆ ನಡೆಯಿರಿ, ಚಿಂತೆ ಬಿಡಿ. ಮೊದಲ ಎರಡನ್ನು ಹೇಳಿದಂತೆ ಮಾಡಬಹುದು. ಮೂರನೆಯದು ಹೇಳಿದ ಮಾತ್ರಕ್ಕೆ ಆಗುವಂಥದಲ್ಲ. ಮನಸ್ಸು ಒಂದನ್ನು ಬಿಡಬೇಕಾದರೆ ಇನ್ನೊಂದನ್ನು ಹಿಡಿಯಲೇಬೇಕು. ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಅಹಿತಕರ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದೇ ಸತ್ತ್ವಾವಜಯ. ಸೆಳೆದ ಮನಸ್ಸನ್ನು ಎಲ್ಲಿ ನಿಲ್ಲಿಸಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಅಂತಹ ಒಂದು ನೆಲೆ, ನಿಜವಾದ ಕಾರಿನ ಅಳತೆಗೆ ಸರಿಯಾಗಿ ಅದರ ಕಿರುಮಾದರಿಯನ್ನು ಕೈಯಾರೆ ಕಟ್ಟುವ ಹವ್ಯಾಸ. ಇದನ್ನು ಮಕ್ಕಳಾಟವೆಂದು ಹೀಗಳೆಯುವುದು ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಪ್ರಮಾಣವೆಂಬುದು

ಆಟಿಕೆಯ ಕಾರಿಗೂ ಮಾದರಿ ಕಾರಿಗೂ ಇರುವ ಭೇದ ಒಂದೇ: ಪ್ರಮಾಣ. ಆಟಿಕೆ ಕಾರಿನಂತೆ ಕಂಡರೆ ಸಾಕು. ಮಾದರಿ ಕಾರಿನ ಅಳತೆಗೆ ಬದ್ಧವಾಗಿರಬೇಕು. ಈ ಹವ್ಯಾಸದಲ್ಲಿ 1:12, 1:18, 1:24, 1:43 ಮುಂತಾದ ಪ್ರಮಾಣಗಳು ಬಳಕೆಯಲ್ಲಿವೆ. 1:24 ಎಂದರೆ ನಿಜವಾದ ಕಾರಿನ 24 ಮಿಲಿಮೀಟರ್ ಮಾದರಿಯಲ್ಲಿ 1 ಮಿಲಿಮೀಟರ್; ಹಳೆಯ ಲೆಕ್ಕದಲ್ಲಿ ಒಂದು ಅಡಿಗೆ ಅರ್ಧ ಅಂಗುಲ. 1:43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಬ್ರಿಟನ್ನಿನ ಮಾದರಿ ರೈಲುಗಳಿಂದ. ಅಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಎಂದು ಎಣಿಸುತ್ತಿದ್ದರು.

ನಮಗೆಲ್ಲ ಪರಿಚಿತವಾದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳೋಣ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾದ ಈ ಕಾರಿನ ಉದ್ದ ಸುಮಾರು 4.3 ಮೀಟರ್. 1:24ರಲ್ಲಿ ಅದು ಸುಮಾರು 18 ಸೆಂಟಿಮೀಟರ್ ಆಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ ಸುಮಾರು 2464 ಮಿಲಿಮೀಟರ್. ಮಾದರಿಯಲ್ಲಿ 103 ಮಿಲಿಮೀಟರಿಗೆ ಕೊಂಚ ಕಡಿಮೆ. ಬಾಗಿಲಿನ ಸುತ್ತಲಿನ 5 ಮಿಲಿಮೀಟರ್ ಸಂದು ಇಲ್ಲಿ 0.2 ಮಿಲಿಮೀಟರ್ ಮಾತ್ರ. ಬಣ್ಣ ಸ್ವಲ್ಪ ದಪ್ಪವಾದರೆ ಆ ಸಂದು ಮುಚ್ಚಿಹೋಗಿ ಬಾಗಿಲೇ ಮಾಯವಾಗುತ್ತದೆ. ಚಾವಣಿಯ ಎತ್ತರ 1 ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ ಸುಮಾರು ಒಂದು ಅಂಗುಲ ತಪ್ಪಿದಂತೆ. ಆಗ ಯಾವ ಭಾಗ ಕೆಟ್ಟಿದೆಯೆಂದು ಹೇಳಲಾಗದಿದ್ದರೂ ‘ಇದು ಅಂಬಾಸಡರ್ ಅಲ್ಲ’ ಎಂದು ನೋಡಿದವರ ಕಣ್ಣು ಹೇಳಿಬಿಡುತ್ತದೆ.

ಪ್ರಮಾಣದ ಈ ವಿಚಾರ ಆಯುರ್ವೇದಕ್ಕೆ ಹೊಸದಲ್ಲ. ಶರೀರವನ್ನು ಪರೀಕ್ಷಿಸುವಾಗ ಎಲ್ಲರಿಗೂ ಒಂದೇ ಅಳತೆಗೋಲನ್ನು ನಮ್ಮ ಆಚಾರ್ಯರು ಹಿಡಿಯಲಿಲ್ಲ. ಅವರವರ ಬೆರಳಿನ ಅಗಲವೇ ಅವರವರಿಗೆ ಅಳತೆ. ಚರಕರ ಲೆಕ್ಕದಲ್ಲಿ ದೇಹದ ಎತ್ತರ ತನ್ನದೇ ಬೆರಳಿನಿಂದ 84 ಅಂಗುಲ. ಗಾತ್ರಕ್ಕಿಂತ ಅಂಗಗಳ ಪರಸ್ಪರ ಅನುಪಾತ ಮುಖ್ಯವೆಂಬ ತಿಳಿವಳಿಕೆ ಇದರ ಹಿಂದಿದೆ. ಮಾದರಿ ಕಟ್ಟುವವರು ಕಾರಿನಲ್ಲಿ ಹುಡುಕುವುದೂ ಅದನ್ನೇ.

ಇದು ಮಕ್ಕಳಾಟವಲ್ಲ

ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಆಶ್ರಯದಲ್ಲಿ 1930ರಿಂದ 1968ರವರೆಗೆ ‘ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂಬ ಸ್ಪರ್ಧೆ ನಡೆಯಿತು. ಮೊದಲು ಹುಡುಗರು ಕೊಟ್ಟ ನಕ್ಷೆಯ ಪ್ರಕಾರ ನೆಪೋಲಿಯನ್ ಕಾಲದ ಶೈಲಿಯ ಸಾರೋಟನ್ನು ಕಟ್ಟಬೇಕಿತ್ತು. ಅನಂತರ 1:12 ಪ್ರಮಾಣದಲ್ಲಿ ತಾವೇ ಕಲ್ಪಿಸಿದ ಕಾರುಗಳನ್ನು ಮಾಡಿದರು. ಗೆದ್ದವರಿಗೆ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ದೊರೆಯುತ್ತಿತ್ತು. ಹೀಗೆ ಗೆದ್ದ ಚಾರ್ಲ್ಸ್ ಜೋರ್ಡನ್ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು.

ಇಟಲಿಯ ಟ್ಯೂರಿನ್ ನಗರದ ಪೋಚರ್ ಸಂಸ್ಥೆ 1966ರಲ್ಲಿ 1907ರ ಫಿಯಟ್ ಕಾರನ್ನು 1:8 ಪ್ರಮಾಣದ ಬಿಡಿಭಾಗಗಳಾಗಿ ಹೊರತಂದಿತು. ಬಳಿಕ ಬಂದ ಅದರ ಆಲ್ಫಾ ರೋಮಿಯೋ ಕಾರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭಾಗಗಳು. ಚಕ್ರದ ಅರೆಕಡ್ಡಿಗಳನ್ನೂ ಒಂದೊಂದಾಗಿ ಕೂಡಿಸಬೇಕು. ಜಪಾನಿನ ಶಿಜುಓಕಾದಲ್ಲಿ 1946ರಲ್ಲಿ ಮರದ ಉದ್ದಿಮೆಯಾಗಿ ಹುಟ್ಟಿದ ತಮಿಯಾ ಸಂಸ್ಥೆ ಇಂದು ಈ ಹವ್ಯಾಸಿಗಳಿಗೆಲ್ಲ ಪರಿಚಿತ ಹೆಸರು. 1976ರ ಪೋರ್ಶೆ 934 ಮಾದರಿಯನ್ನು ರೂಪಿಸುವಾಗ ಸಂಸ್ಥೆಯ ಶುನ್ಸಾಕು ತಮಿಯಾ ನಿಜವಾದ ಪೋರ್ಶೆ 911 ಕಾರೊಂದನ್ನು ಕೊಂಡು ಬಿಚ್ಚಿ ನೋಡಿದರು. ಅಂದಾಜನ್ನು ನಂಬದೆ ವಸ್ತುವನ್ನೇ ಕೇಳಿ ತಿಳಿಯುವ ಈ ಶ್ರದ್ಧೆಯನ್ನು ಆಟವೆಂದು ಕರೆಯಲು ನಮಗೆ ಮನಸ್ಸು ಬಾರದು.

ಮನಸ್ಸಿಗೆ ಆಗುವ ಉಪಕಾರ

ಕಾಲ ಕಳೆಯಲು ದೂರದರ್ಶನವಿದೆ, ಮೊಬೈಲ್ ಇದೆ. ಅವುಗಳ ಮುಂದೆ ಕುಳಿತವರ ಚಿಂತೆ ಮಾತ್ರ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಕುದಿಯುತ್ತಿರುತ್ತದೆ, ಏಕೆಂದರೆ ಅಲ್ಲಿ ಕೈಗೆ ಕೆಲಸವಿಲ್ಲ, ತಪ್ಪು ಮಾಡುವ ಅವಕಾಶವೂ ಇಲ್ಲ. ಅರ್ಧ ಮಿಲಿಮೀಟರ್ ತುಂಡನ್ನು ಚಿಮಟದಲ್ಲಿ ಹಿಡಿದು ಅದರ ಸ್ಥಾನಕ್ಕೆ ಇಡುವವರಿಗೆ ಆ ಕ್ಷಣದಲ್ಲಿ ಬೇರೊಂದು ವಿಚಾರ ಸಾಧ್ಯವೇ ಇಲ್ಲ. ಕಣ್ಣು, ಕೈ, ಬುದ್ಧಿ ಮೂರೂ ಒಂದೆಡೆ ಕೂಡುತ್ತವೆ. ಅಳತೆ ಸರಿಯಾಯಿತೇ ಇಲ್ಲವೇ ಎಂಬುದಕ್ಕೆ ಬೇರೆಯವರ ಹೊಗಳಿಕೆ ಬೇಕಿಲ್ಲ, ವರ್ನಿಯರ್ ಕ್ಯಾಲಿಪರೇ ಸಾಕ್ಷಿ. ಇಲ್ಲಿ ನಿಖರತೆಯೇ ಔಷಧ. ಹೇಗೋ ಅಂಟಿಸಿ ಮುಗಿಸಿದರೆ ಆ ಗುಣ ಬಾರದು.

ನಮ್ಮಲ್ಲಿಗೆ ಬರುವ ಹಿರಿಯರೊಬ್ಬರು ಬಸ್ಸುಗಳ ಕಾರ್ಯಾಗಾರದಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ಸುತ್ತಿಗೆ ಹಿಡಿದ ಕೈ ಒಮ್ಮೆಗೇ ಬರಿದಾದಾಗ ನಿದ್ರೆ ಕೆಟ್ಟಿತು. ನಸುಕಿನ ಎರಡಕ್ಕೇ ಎಚ್ಚರ, ಊಟದಲ್ಲಿ ಅರುಚಿ, ಮನೆಯವರ ಮೇಲೆ ಸಿಡುಕು. ಔಷಧಿಯೊಡನೆ ಕೈಗೊಂದು ಕೆಲಸ ಹುಡುಕಿಕೊಳ್ಳಿರೆಂದು ನಾವು ಹೇಳಿದ್ದೆವು. ಅವರು ಪ್ಲಾಸ್ಟಿಕ್ ಹಾಳೆಯಿಂದ ಹಳೆಯ ಕಾರೊಂದನ್ನು ಅಳತೆ ಹಿಡಿದು ಕಟ್ಟತೊಡಗಿದರು. ಕೆಲವು ತಿಂಗಳ ನಂತರ ಅವರ ಸೊಸೆ ಬಂದು, “ಮಾವನವರು ಈ ವಯಸ್ಸಿನಲ್ಲಿ ಆಟಿಕೆ ಹಿಡಿದು ಕೂಡುತ್ತಾರೆ, ಬಂದವರು ನಗುತ್ತಾರೆ, ನೀವಾದರೂ ಹೇಳಿರಿ ಡಾಕ್ಟರೇ” ಎಂದರು. “ಈಗ ನಿದ್ರೆ ಹೇಗಿದೆಯಮ್ಮಾ?” ಎಂದು ಕೇಳಿದೆವು. ಆಕೆ ಸ್ವಲ್ಪ ಯೋಚಿಸಿ, “ಐದರವರೆಗೂ ಏಳುವುದಿಲ್ಲ, ಮೊಮ್ಮಗನಿಗೆ ಭಾಗಾಕಾರ ಕಲಿಸುವುದೂ ಆ ಕಾರಿನಿಂದಲೇ” ಎಂದರು. ಆ ಮಾತಿನಲ್ಲೇ ಉತ್ತರವಿತ್ತು. ಸುಧಾರಣೆಗೆಲ್ಲ ಕಾರೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಔಷಧವಿತ್ತು, ಪಥ್ಯವೂ ಇತ್ತು. ಆದರೆ ನುರಿತ ಕೈಯನ್ನು ಖಾಲಿ ಕೂಡಿಸಿ ಅದಕ್ಕೆ ವಿಶ್ರಾಂತಿಯೆಂದು ಹೆಸರಿಡುವುದು ವಿಶ್ರಾಂತಿಯಲ್ಲ. ಆ ಕೈ ತಾನೇ ಕಂಡುಕೊಂಡ ಕೆಲಸವನ್ನು ನಕ್ಕು ಬಿಡಿಸಿದರೆ ಮನೆಯವರೇ ರೋಗಕ್ಕೆ ದಾರಿ ಮಾಡಿಕೊಟ್ಟಂತೆ.

ನಿಖರತೆಗೂ ಮಿತಿ ಬೇಕು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಿತವಾದದ್ದೂ ಅತಿಯಾದರೆ ಅಹಿತ. ಒಂದು ಸಂದು ಕೂದಲೆಳೆಯಷ್ಟು ಓರೆಯಾಯಿತೆಂದು ಇಡೀ ಬಣ್ಣವನ್ನು ಮತ್ತೆ ಮತ್ತೆ ಕೆರೆದು, ಯಾವ ಕಾರನ್ನೂ ಮುಗಿಸದೆ ಕೊರಗುವವರಿದ್ದಾರೆ. ಕಟ್ಟುವುದಕ್ಕಿಂತ ಕೊಳ್ಳುವುದೇ ಹೆಚ್ಚಾಗಿ, ತೆರೆಯದ ಪೆಟ್ಟಿಗೆಗಳಿಂದ ಕಪಾಟು ತುಂಬಿ ಪಿಂಚಣಿ ಕರಗುವುದೂ ಉಂಟು. ಆದ್ದರಿಂದ ಎಷ್ಟು ತಪ್ಪನ್ನು ಸಹಿಸಬಹುದೆಂದು ಮೊದಲೇ ನಿರ್ಧರಿಸಿರಬೇಕು. ಆರಂಭದಲ್ಲಿ ಅರ್ಧ ಮಿಲಿಮೀಟರ್ ಸಾಕು. ಒಂದು ಮುಗಿಯುವವರೆಗೆ ಇನ್ನೊಂದನ್ನು ಕೊಳ್ಳಬಾರದು. ಅಳತೆ ಕಾರಿನದಾಗಿರಲಿ, ತನ್ನ ಯೋಗ್ಯತೆಯನ್ನೇ ಅದರಿಂದ ಅಳೆದುಕೊಳ್ಳುವುದು ಬೇಡ.

ಶರೀರದ ರಕ್ಷಣೆಗೆ ಇನ್ನು ಕೆಲವು ಮಾತು. ಬಣ್ಣ ತಿಳಿಗೊಳಿಸುವ ಥಿನ್ನರ್ ಮತ್ತು ಪ್ಲಾಸ್ಟಿಕ್ ಅಂಟಿನ ಆವಿಯಿಂದ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಅವುಗಳಿಗೆ ಬೇಗ ಬೆಂಕಿ ಹತ್ತುವುದರಿಂದ ದೀಪ, ಊದುಬತ್ತಿ, ಒಲೆಯ ಹತ್ತಿರ ಬಳಸಬಾರದು. ಕಿಟಕಿ ತೆರೆದ ಕೋಣೆಯಲ್ಲೇ ಕೆಲಸ ಮಾಡಬೇಕು. ಗರ್ಭಿಣಿಯರು ಮತ್ತು ಮಕ್ಕಳು ಅಲ್ಲಿರಬಾರದು. ಕೆಲಸ ಮುಗಿದ ಮೇಲೆ ಡಬ್ಬಿಗಳನ್ನು ಬೀಗದಲ್ಲಿಡಬೇಕು. ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳು ಏಳುವುದಿಲ್ಲ. ಒಣಗಿದ್ದನ್ನು ಉಜ್ಜಲೇಬೇಕಾದರೆ ಮಾಸ್ಕ್ ಬೇಕು. ಬೆರಳಿಗೆ ಸೂಪರ್ ಗ್ಲೂ ಅಂಟಿದರೆ ಕಿತ್ತೆಳೆಯದೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ಮನೆಮದ್ದು ಬೇಡ, ಕೂಡಲೇ ನೇತ್ರವೈದ್ಯರ ಬಳಿ ಹೋಗಬೇಕು.

ಕಣ್ಣಿನ ಅತಿಯಾದ ಬಳಕೆಯೂ ರೋಗಕ್ಕೆ ಕಾರಣವೆಂದು ಆಯುರ್ವೇದ ಹೇಳುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಮರವನ್ನೋ ಗೋಪುರವನ್ನೋ ನೋಡಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ತಡೆಯಬಾರದ 13 ವೇಗಗಳನ್ನು ಚರಕರು ಹೇಳಿದ್ದಾರೆ. ‘ಈ ಚಕ್ರ ಕೂಡಿಸಿ ಏಳುತ್ತೇನೆ’ ಎಂದು ಮೂತ್ರವನ್ನು, ನಿದ್ರೆಯನ್ನು, ಹಸಿವನ್ನು ತಡೆದು ಕೂಡುವುದು ಈ ಹವ್ಯಾಸಿಗಳಲ್ಲಿ ಸಾಮಾನ್ಯವಾದ ದೋಷ. ಚಕ್ರ ಎಲ್ಲಿಗೂ ಓಡಿಹೋಗದು.

ಇನ್ನೊಂದು ಸಂಗತಿ ಗಮನಾರ್ಹ. ಸಣ್ಣ ಕೆಲಸವು ಶರೀರದ ಸಣ್ಣ ಬದಲಾವಣೆಯನ್ನು ಬೇಗ ತೋರಿಸಿಕೊಡುತ್ತದೆ. ನಿನ್ನೆ ಎಳೆದ ಗೆರೆ ಇಂದು ನಡುಗಿದರೆ, ಒಂದು ಕಣ್ಣಿಗೆ ಅಂಚು ಮಸುಕಾದರೆ, ಬೆರಳು ಜೋಮು ಹಿಡಿದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಎಲ್ಲ ನಡುಕವೂ ಕಂಪವಾತವಲ್ಲ, ಆದರೆ ಪರೀಕ್ಷೆಯಿಲ್ಲದೆ ಅದನ್ನು ಹೇಳಲಾಗದು. ಹಾಗೆಯೇ ಎರಡು ವಾರ ಮೀರಿದರೂ ಖಿನ್ನತೆ, ನಿರಾಸಕ್ತಿ ಬಿಡದಿದ್ದರೆ ಹವ್ಯಾಸವನ್ನೇ ನಂಬಿ ಕೂಡದೆ ತಜ್ಞರನ್ನು ಕಾಣಬೇಕು.

ಆರಂಭಿಸುವವರಿಗೆ

ಹೊರದೇಶದಿಂದ ಬರುವ ಬಿಡಿಭಾಗಗಳ ಪೆಟ್ಟಿಗೆ ದುಬಾರಿ. ಅದು ಇಲ್ಲದೆಯೂ ತೊಡಗಬಹುದು. ದಪ್ಪ ಕಾಗದ, ಉಕ್ಕಿನ ಅಳತೆಪಟ್ಟಿ, ಕಟರ್, ಅಂಟು, ಎರಡು ಬಗೆಯ ಉಜ್ಜುಕಾಗದ ಇದ್ದರೆ ಸಾಕು. ಮನೆಯ ಮುಂದೆ ನಿಂತಿರುವ ಕಾರನ್ನೋ ಅಂಗಳದ ಟ್ರ್ಯಾಕ್ಟರನ್ನೋ ಟೇಪು ಹಿಡಿದು ಅಳೆಯಿರಿ, ಪುಸ್ತಕದಲ್ಲಿ ಬರೆಯಿರಿ, 24ರಿಂದ ಭಾಗಿಸಿರಿ. ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯವೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ವೂ ಇವೆ. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಜೊತೆಗೆ ಕರೆದೊಯ್ದರೆ ಅಳೆದು ನೋಡುವ ಕಣ್ಣು ಅವರಿಗೂ ಬರುತ್ತದೆ.

ದಿನಕ್ಕೆ ಒಂದು ಗಂಟೆ, ಹಗಲಿನ ಬೆಳಕಿನಲ್ಲಿ, ಬೆನ್ನು ನೇರವಾಗಿಟ್ಟು ಮಾಡಿದರೆ ಸಾಕು. ಮೊದಲ ಕಾರು ಸೊಟ್ಟಗಾಗುವುದು ಸಹಜ. ಅದನ್ನು ಎಸೆಯದೆ ಕಪಾಟಿನಲ್ಲಿಡಿ. ಎರಡನೆಯದು ಮುಗಿದಾಗ ಎರಡನ್ನೂ ತಾಳೆ ನೋಡಿರಿ. ಮನೆಯ ಹಿರಿಯರು ಹೀಗೊಂದು ಕೆಲಸಕ್ಕೆ ಕುಳಿತಿದ್ದರೆ ಕಿರಿಯರು ನಗುವ ಬದಲು ಒಂದು ಒಳ್ಳೆಯ ಮೇಜುದೀಪವನ್ನು ತಂದುಕೊಡಲಿ ಎಂಬುದು ನಮ್ಮ ಸಲಹೆ.